ದೇವರ ಪಾಳಿ

ಚಳ್ಳಕೆರೆಯಲ್ಲಿ ನಾನು ಕೆಲಸ ಮಾಡುವ ಅಂಗಡಿಯ ಬೋರ್ಡಿನ ಮೇಲೆ ‘ಅಂಜಿನೇಯ ಇಂಡಸ್ಟ್ರಿಯಲ್ ಆಟೊಮೇಷನ್’ ಎಂದು ದೊಡ್ಡದಾಗಿ ಬರೆದಿದೆ. ಒಳಗೆ ಬಂದರೆ ಮಿಕ್ಸಿ, ಗ್ರೈಂಡರು, ತಕ್ಕಡಿ ರಿಪೇರಿ. ಮುಂದೆ ಊರು ಬೆಳೆದಾಗ ಬೇಕಾಗುತ್ತದೆ ಅಂತ ಯಜಮಾನ ಅಂಜಿನೇಯ ಈಗಲೇ ಬರೆಸಿಟ್ಟಿದ್ದಾನೆ. ನಾನು ಕಾಂಚನಾ, ಮೊಳಕಾಲ್ಮೂರಿನಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವವಳು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿ, ಮೂರು ವರ್ಷ ಮಿಕ್ಸಿ ಬಿಚ್ಚಿ ಜೋಡಿಸಿದ ಮೇಲೆ ಆ ಬೋರ್ಡಿಗೆ ತಕ್ಕ ಮೊದಲ ಕೆಲಸ ಬಂತು. ತಂದವಳು ತ್ರಿವೇಣಕ್ಕ.

ತ್ರಿವೇಣಕ್ಕನ ಅಪ್ಪ ಚಿಕ್ಕಬಸಪ್ಪನವರದು ಊರಿನ ಹಳೆಯ ಶೇಂಗಾ ಎಣ್ಣೆ ಮಿಲ್ಲು. ಮಿಲ್ಲಿಗೆ ಎರಡು ಪಾಳಿ. ಬೆಳಿಗ್ಗೆ ಆರರಿಂದ ಎರಡರ ತನಕ ಮಗಳು ತ್ರಿವೇಣಿ ನೋಡಿಕೊಳ್ಳುತ್ತಾಳೆ, ಎರಡರಿಂದ ರಾತ್ರಿ ಎಂಟರ ತನಕ ಮಗ ವಿಶ್ವನಾಥ್. ಚಿಕ್ಕಬಸಪ್ಪನವರಿಗೆ ಮಂಡಿ ನೋವು ಶುರುವಾಗಿ, ಬೀಗದ ಕೈ ಗೊಂಚಲನ್ನು ಇಬ್ಬರಲ್ಲಿ ಒಬ್ಬರಿಗೆ ಒಪ್ಪಿಸಬೇಕಾಗಿತ್ತು. ಮಗನಿಗೆ ಕೊಟ್ಟರೆ ಮಿಲ್ಲು ಮುಳುಗುತ್ತದೆ ಅನ್ನುವುದು ಅವರಿಗೆ ಗೊತ್ತು. ಮಗಳಿಗೆ ಕೊಟ್ಟರೆ ವರ್ತಕರ ನಡುವೆ ಮುಖ ಎತ್ತಿ ಓಡಾಡುವುದು ಹೇಗೆ ಅನ್ನುವ ಚಿಂತೆ. ಎರಡನ್ನೂ ಬಾಯಿಬಿಟ್ಟು ಹೇಳಲಾರದೆ ಎರಡು ವರ್ಷದಿಂದ ‘ನೋಡಾನ’ ಅನ್ನುತ್ತಾ ಬಂದಿದ್ದರು.

ಅಷ್ಟರಲ್ಲಿ ನಮ್ಮೂರು ಮೊಳಕಾಲ್ಮೂರಿನ ರೇಷ್ಮೆ ಸೀರೆ ಅಂಗಡಿಯವರ ಮನೆಯಿಂದ ತ್ರಿವೇಣಕ್ಕನನ್ನು ಕೇಳಿದ್ದರು. ಹುಡುಗ ಕಿರಣ್‌ಕುಮಾರ್. ನನಗೂ ಗೊತ್ತಿರುವವನೇ, ಕೆಟ್ಟವನೇನಲ್ಲ. ಅಂಗಡಿಯಲ್ಲಿ ಕೂತು ಗಿರಾಕಿಗಳು ಬಿಚ್ಚಿ ಹಾಕಿದ ಸೀರೆ ಮಡಿಚಿಡುವುದಕ್ಕೆ ಮನೆಯವರೇ ಒಬ್ಬರು ಇದ್ದರೆ ಚೆನ್ನ ಅಂತ ಅವನ ಆಸೆ. ಬೀಗದ ಕೈ ವಿಶ್ವನಾಥನಿಗೆ ಹೋದರೆ ತ್ರಿವೇಣಕ್ಕ ಸೀರೆ ಮಡಿಚಲು ಹೋಗಬೇಕು. ಇದನ್ನೂ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಮುಖ್ಯವಾದದ್ದನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ಆ ಮನೆಗೇ ಇರಲಿಲ್ಲ.

“ಅಪ್ಪಾಜಿ, ನೀವೂ ಹೇಳಬ್ಯಾಡ್ರಿ, ನಾನೂ ಹೇಳಲ್ಲ. ಮಿಲ್ಲೇ ಹೇಳ್ಲಿ,” ಎಂದು ತ್ರಿವೇಣಕ್ಕ ಅಪ್ಪನನ್ನು ಒಪ್ಪಿಸಿ ನನ್ನನ್ನು ಕರೆತಂದಳು.

ಕೆಲಸ ಇಷ್ಟು. ಶೇಂಗಾ ಬೀಜ ಬೇಯುವ ಹಂಡೆಗೆ ಬಿಸಿ ಅಳೆಯುವ ಕಡ್ಡಿ ಒಂದು, ಗಾಣದ ಮೋಟರಿಗೆ ಅದರ ಹೊರೆ ಅಳೆಯುವ ಬಳೆ ಒಂದು, ಎಣ್ಣೆ ತೊಟ್ಟಿಯ ಕೆಳಗೆ ತಕ್ಕಡಿ ಒಂದು. ಮೂರರ ಸುದ್ದಿಯೂ ಕಂಪ್ಯೂಟರಿಗೆ ಬರಬೇಕು. ನಾನು ಬಳಸುವ ಸಾಫ್ಟ್‌ವೇರಿನಲ್ಲಿ ಸಾಲು ಸಾಲು ಬರೆಯುವ ತಾಪತ್ರಯವಿಲ್ಲ. ಪರದೆಯ ಮೇಲೆ ಪೆಟ್ಟಿಗೆಗಳ ಚಿತ್ರ ಇಟ್ಟು, ಒಂದರಿಂದ ಇನ್ನೊಂದಕ್ಕೆ ತಂತಿ ಎಳೆಯುತ್ತಾ ಹೋಗುವುದು, ಚಿತ್ರ ಮುಗಿದರೆ ಕೆಲಸವೂ ಮುಗಿಯಿತು. ಮೊದಲು ನಾನು ಮೂರು ತಂತಿಯನ್ನೂ ಬೇರೆ ಬೇರೆ ಫೈಲಿನಲ್ಲಿ ಉಳಿಸುವ ಹಾಗೆ ಮಾಡಿದ್ದೆ. ತ್ರಿವೇಣಕ್ಕ ಒಪ್ಪಲಿಲ್ಲ.

“ಬರೀ ಬಿಸಿ ನೋಡಿದ್ರೆ ಅಣ್ಣನೇ ಗೆದ್ದಂಗೆ ಕಾಣ್ತೈತೆ, ಅವ್ನು ಹಂಡೆ ಕಾಯ್ಸಿದಂಗೆ ಯಾರೂ ಕಾಯ್ಸಲ್ಲ. ಬರೀ ಮೋಟರ್ ನೋಡಿದ್ರೂ ಅವ್ನೇ, ಬೀಜ ಇಲ್ದಿದ್ರೂ ತಿರುಗ್ತಿರ್ತೈತೆ. ಮೂರೂ ಒಟ್ಟಿಗಿಟ್ಟು ನೋಡಿದ್ರೆ ತಾನೇ ಬಣ್ಣ ಬಯಲಾಗೋದು?” ಎಂದಳು.

ಮಾತು ಸರಿ ಇತ್ತು. ಆ ಸಾಫ್ಟ್‌ವೇರಿನಲ್ಲಿ ಹಲವು ತಂತಿಗಳನ್ನು ಒಂದಾಗಿ ಸೇರಿಸುವ ಒಂದು ಸಣ್ಣ ಪೆಟ್ಟಿಗೆ ಇದೆ. ಎಡಗಡೆ ಎಷ್ಟು ತಂತಿ ಬೇಕಾದರೂ ಚುಚ್ಚಬಹುದು, ಬಲಗಡೆ ಒಂದೇ ದಪ್ಪ ತಂತಿ ಹೊರಗೆ ಬರುತ್ತದೆ. ಆ ದಪ್ಪ ತಂತಿಯನ್ನು ಉಳಿಸುವ ಪೆಟ್ಟಿಗೆಗೆ ಕೊಟ್ಟರೆ ಎಲ್ಲವೂ ಒಂದೇ ಫೈಲಿನಲ್ಲಿ, ನಿಮಿಷಕ್ಕೆ ನಿಮಿಷ ಹೊಂದಿಕೊಂಡು, ಪಕ್ಕಪಕ್ಕದಲ್ಲಿ ಕೂರುತ್ತವೆ. ಮೂರು ತಂತಿಯ ಜೊತೆಗೆ ನಾಲ್ಕನೆಯದನ್ನೂ ಸೇರಿಸಿದೆ. ಮಿಲ್ಲಿನ ಗೇಟಿನಲ್ಲಿ ಬಂದುಹೋಗುವವರು ಹೆಬ್ಬೆಟ್ಟು ಒತ್ತುವ ಮಷೀನು ಮೊದಲಿಂದಲೂ ಇತ್ತು. ಯಾರ ಹೆಬ್ಬೆಟ್ಟಿನ ಹೊತ್ತಿನಲ್ಲಿ ಎಷ್ಟು ಎಣ್ಣೆ ಬಂತು ಅನ್ನುವುದು ತಾನೇ ನಮಗೆ ಬೇಕಾದದ್ದು. ಆ ಮಷೀನಿಗೆ ಅದರದೇ ಗಡಿಯಾರ, ಕಂಪ್ಯೂಟರಿಗೆ ಅದರದೇ ಗಡಿಯಾರ. ಎರಡೂ ಒಂದೇ ಟೈಮು ತೋರಿಸುವುದನ್ನು ನೋಡಿಕೊಂಡೇ ನಾನು ತಂತಿ ಸೇರಿಸಿದ್ದೆ. ಇಂಟರ್‌ನೆಟ್ ಮಾತ್ರ ಬೇಡ ಎಂದರು ಚಿಕ್ಕಬಸಪ್ಪನವರು. ಮಿಲ್ಲಿನ ಲೆಕ್ಕ ತಂತಿಯೊಳಗೆ ಹರಿದು ಎದುರುಗಡೆ ಮಿಲ್ಲಿನವರ ಕೈ ಸೇರುತ್ತದೆ ಅಂತ ಅವರ ಅನುಮಾನ.

ಶುರು ಮಾಡುವ ದಿನ ಶುಕ್ರವಾರ ಬಿತ್ತು. ಆಫೀಸಿನ ಗೋಡೆಯ ಮೇಲೆ ಬಸವಣ್ಣನವರ ಫೋಟೋ, ಅದರ ಕೆಳಗೇ ರಾಹುಕಾಲ ಅಚ್ಚಾದ ಕ್ಯಾಲೆಂಡರು. ಇಬ್ಬರೂ ಹೇಗೋ ಹೊಂದಿಕೊಂಡು ಹೋಗುತ್ತಿದ್ದರು. ಚಿಕ್ಕಬಸಪ್ಪನವರ ತಾಯಿ ಬಸವಲಿಂಗಮ್ಮನವರು ರಾಹುಕಾಲದಲ್ಲಿ ಹೊಸ ಪೊರಕೆ ಕೂಡ ಮೂಲೆಯಿಂದ ಎತ್ತುವವರಲ್ಲ. ಹತ್ತೂವರೆಗೆ ರಾಹುಕಾಲ ಹತ್ತುತ್ತದೆ, ಅದಕ್ಕೆ ಮೊದಲೇ ಗುಂಡಿ ಒತ್ತಬೇಕು ಎಂದು ಅಪ್ಪಣೆಯಾಗಿತ್ತು. ಆದರೆ ಅವತ್ತೇ ಅರ್ಥಿಂಗ್ ಕೈಕೊಟ್ಟಿತು. ಕಂಪ್ಯೂಟರ್ ಮುಟ್ಟಿದರೆ ಶಾಕು. ಹಿತ್ತಲಿನ ಅರ್ಥಿಂಗ್ ಗುಂಡಿಗೆ ಉಪ್ಪು, ಇದ್ದಿಲು ಹಾಕಿ ಕೊಡಗಟ್ಟಲೆ ನೀರು ಸುರಿಯುತ್ತಾ ನಾನು ಬಿಸಿಲಲ್ಲಿ ನಿಂತೆ. ಶಾಕು ನಿಲ್ಲುವ ಹೊತ್ತಿಗೆ ಹನ್ನೆರಡು ಗಂಟೆ ಹತ್ತಿರ ಬಂದಿತ್ತು. ಕೈಕಾಲು ತೊಳೆದು ಒಳಗೆ ಬಂದರೆ ಎಲ್ಲ ಮುಗಿದಿತ್ತು. ಕಂಪ್ಯೂಟರಿಗೆ ಸೇವಂತಿಗೆ ಹಾರ, ಪರದೆಗೆ ಮೂರು ಬೆರಳು ವಿಭೂತಿ, ಕೆಳಗಿನ ಬಲಮೂಲೆಯಲ್ಲಿ ಮನೆದೇವರು ಹಟ್ಟಿ ತಿಪ್ಪೇಸ್ವಾಮಿಯ ಸ್ಟಿಕ್ಕರು. ತಂತಿಗಳೆಲ್ಲ ಓಡುತ್ತಿದ್ದವು. ಪೂಜೆಗೆ ಬಂದ ಅಯ್ಯನವರು ಕೋಸಂಬರಿ ತಿನ್ನುತ್ತಿದ್ದರು. ಎಲ್ಲರ ಮುಖದಲ್ಲೂ ನೆಮ್ಮದಿ.

ಒಳಗೆ ಏನು ನಡೆಯಿತು ಅನ್ನುವುದು ನನಗೆ ತಿಳಿದದ್ದು ಒಂದು ತಿಂಗಳಾದ ಮೇಲೆ. ನಿಮಗೆ ಈಗಲೇ ಹೇಳಿಬಿಡುತ್ತೇನೆ, ನೀವಾದರೂ ನನ್ನ ಹಾಗೆ ತಲೆ ಕೆರೆದುಕೊಳ್ಳುವುದು ಬೇಡ. ಅಯ್ಯನವರು ಪರಶುರಾಂಪುರದಲ್ಲಿ ಇನ್ನೊಂದು ಪೂಜೆಗೆ ಹೋಗಬೇಕಿತ್ತು, ರಾಹುಕಾಲ ಮುಗಿಯುವವರೆಗೆ ಕಾಯುವ ಹಾಗಿರಲಿಲ್ಲ. ಬಸವಲಿಂಗಮ್ಮನವರು ಈಗ ಬೇಡವೇ ಬೇಡ ಎಂದು ಹಟ ಹಿಡಿದಿದ್ದರು. ಆಗ ವಿಶ್ವನಾಥ್ ಕಂಪ್ಯೂಟರಿನ ಮುಂದೆ ಕೂತು, “ಎಷ್ಟೊತ್ತಿಗೆ ಹಚ್ಚಬೇಕಿತ್ತು ಅಯ್ಯನೋರೇ?” ಎಂದು ಕೇಳಿದನಂತೆ.

“ಹತ್ತೂ ಕಾಲಿನ ಆಸುಪಾಸಿಗೆ.”

ವಿಶ್ವನಾಥ್ ಕಂಪ್ಯೂಟರಿನ ಗಡಿಯಾರವನ್ನು ಒಂದೂವರೆ ಗಂಟೆ ಹಿಂದಕ್ಕೆ ತಿರುಗಿಸಿದ. ಅಯ್ಯನವರು ಕನ್ನಡಕ ಹಾಕಿಕೊಂಡು ಪರದೆಯ ಮೂಲೆ ನೋಡಿ, “ಈಗ ಸರಿ ಐತೆ, ಹಚ್ರಿ,” ಎಂದರು. ಬಸವಲಿಂಗಮ್ಮನವರು ಕೈ ಮುಗಿದು ಸ್ಟಿಕ್ಕರು ಅಂಟಿಸಿದರು. ಅದು ಸರಿಯಾಗಿ ಗಡಿಯಾರದ ಮೇಲೇ ಕೂತಿತು. ದೇವರ ಸ್ಟಿಕ್ಕರನ್ನು ಕಿತ್ತು ಟೈಮು ನೋಡುವ ಧೈರ್ಯ ಆ ಮಿಲ್ಲಿನಲ್ಲಿ ಯಾರಿಗೂ ಇರಲಿಲ್ಲ, ನನಗೂ ಇರಲಿಲ್ಲ.

ತಿಂಗಳಾದ ಮೇಲೆ ಲೆಕ್ಕ ನೋಡುವ ದಿನ ಬಂತು. ಆಫೀಸಿನಲ್ಲಿ ಚಿಕ್ಕಬಸಪ್ಪನವರು ತಮ್ಮ ಕುರ್ಚಿಯಲ್ಲಿ, ಪಕ್ಕದ ಮಂಚದ ಮೇಲೆ ಬಸವಲಿಂಗಮ್ಮನವರು, ಬಾಗಿಲ ಹತ್ತಿರ ವಿಶ್ವನಾಥ್, ನನ್ನ ಬೆನ್ನ ಹಿಂದೆ ತ್ರಿವೇಣಕ್ಕ. ಮೋಟರು ತಿರುಗಿದ ಹೊತ್ತಿಗೆ ಎಷ್ಟು ಎಣ್ಣೆ ಬಂದಿದೆ ಎಂದು ನೋಡುವುದು, ಮೋಟರು ನಿಂತ ಹೊತ್ತು ಲೆಕ್ಕಕ್ಕಿಲ್ಲ ಎಂದು ಮೊದಲೇ ಮಾತಾಗಿತ್ತು. ಫೈಲು ತೆರೆದೆ. ಓದಿ ನನಗೇ ನಂಬಿಕೆ ಬರಲಿಲ್ಲ.

ವಿಶ್ವನಾಥ್ ಮುಂದಿದ್ದ. ತ್ರಿವೇಣಕ್ಕನ ಪಾಳಿ ಚೆನ್ನಾಗಿಯೇ ಹೋಗುತ್ತಿತ್ತು, ಆದರೆ ಕೊನೆಯ ಒಂದೂವರೆ ಗಂಟೆ ದಿನಾ ಮುಗ್ಗರಿಸುತ್ತಿತ್ತು. ಹಂಡೆ ಸೀಯುವಷ್ಟು ಕಾದಿದೆ, ಗಾಣ ಬರಿದೇ ತಿರುಗಿದೆ, ತೊಟ್ಟಿಗೆ ಎಣ್ಣೆ ಬಿದ್ದಿಲ್ಲ. ಅದೇ ವಿಶ್ವನಾಥ್ ಬಂದ ಕೂಡಲೇ ಎಲ್ಲ ತಹಬಂದಿಗೆ ಬರುತ್ತಿತ್ತು. ಅದೂ ಅಲ್ಲದೆ ಮೋಟರು ನಿಂತ ಮೇಲೂ ಒಂದೂವರೆ ಗಂಟೆ ಅವನು ಮಿಲ್ಲು ಬಿಟ್ಟು ಹೋಗಿಲ್ಲ ಅನ್ನುತ್ತಿತ್ತು ಫೈಲು.

“ನೋಡು, ಎಲ್ರೂ ಹೋದ ಮ್ಯಾಲೂ ಪಾಪ ಒಬ್ನೇ ಕೂತಿರ್ತಾನೆ,” ಎಂದರು ಬಸವಲಿಂಗಮ್ಮನವರು. ಕಣ್ಣಲ್ಲಿ ನೀರು ಬಂದಿತ್ತು.

ವಿಶ್ವನಾಥ್ ತಲೆ ತಗ್ಗಿಸಿದ. ವಿನಯವೇನಲ್ಲ, ಗಾಬರಿ. ಎಂಟು ಗಂಟೆಗೆ ಮೋಟರ್ ಸದ್ದು ನಿಲ್ಲುವ ಮೊದಲೇ ಚಪ್ಪಲಿ ಮೆಟ್ಟಿಕೊಳ್ಳುವವನು ಅವನು.

ಎಲ್ಲಕ್ಕಿಂತ ವಿಚಿತ್ರ ಇನ್ನೊಂದಿತ್ತು. ದಿನಾ ನಸುಕಿನಲ್ಲಿ ನಾಲ್ಕೂವರೆಯಿಂದ ಆರರ ತನಕ, ಯಾರ ಹೆಬ್ಬೆಟ್ಟೂ ಬೀಳದ ಹೊತ್ತಿನಲ್ಲಿ, ಗಾಣ ನಡೆದಿತ್ತು. ಹಂಡೆಯ ಬಿಸಿ ಹದವಾಗಿತ್ತು, ಮೋಟರಿನ ಹೊರೆ ಹದವಾಗಿತ್ತು, ಇಡೀ ದಿನದಲ್ಲೇ ಅತಿ ಹೆಚ್ಚು ಎಣ್ಣೆ ಬಿದ್ದದ್ದು ಆಗ. ಬಸವಲಿಂಗಮ್ಮನವರು ಮಂಚದಿಂದ ಎದ್ದು ಬಂದು, ಪರದೆಯ ಮೂಲೆಯ ಸ್ಟಿಕ್ಕರನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು.

“ಯಾರೂ ಇಲ್ದಾಗ ಯಾರು ನಡೆಸ್ತಾರೆ? ನಮ್ಮಪ್ಪ ತಿಪ್ಪೇಸ್ವಾಮಿ ನಡೆಸ್ಯಾನೆ. ಅದು ದೇವ್ರ ಪಾಳಿ.”

“ಅಜ್ಜಿ, ಆರಕ್ಕೆ ಬಂದು ಗಾಣ ಹಚ್ಚೋಳು ನಾನು. ಮೊದಲ್ನೇ ಹಂಡೆ ಇಳಿಯೋತನಕ ಅಲ್ಲೇ ನಿಂತಿರ್ತೀನಿ. ಈ ಮಷೀನೇ ಎಲ್ಲೋ ತಪ್ಪೈತೆ,” ಎಂದಳು ತ್ರಿವೇಣಕ್ಕ.

“ನೀನೇ ತರ್ಸಿದ ಮಷೀನಲ್ಲೇನಮ್ಮ?” ಎಂದರು ಚಿಕ್ಕಬಸಪ್ಪನವರು, ಮೆಲ್ಲಗೆ.

ಬಾಯ್ಲರಿನ ಓಬಳೇಶನನ್ನು ಕರೆಸಿ ದಿನಾ ಎಷ್ಟು ಹೊತ್ತಿಗೆ ಗಾಣ ಶುರುವಾಗುತ್ತದೆ ಎಂದು ಕೇಳಿದರು. ಓಬಳೇಶ ಆಫೀಸಿನಲ್ಲಿ ಯಾರ್ಯಾರು ಇದ್ದಾರೆ ಎಂದು ಒಂದು ಸುತ್ತು ನೋಡಿದ. ಸಾವ್ಕಾರರು, ಸಾವ್ಕಾರರ ತಾಯಿ, ಮಗ, ಮಗಳು, ಮೇಲೆ ದೇವರು. “ಬೆಳಕು ಹರಿಯೋ ಹೊತ್ತಿಗೆ ಸಾವ್ಕಾರ್ರೆ. ಗಡಿಯಾರ ನೋಡೋ ಅಭ್ಯಾಸ ಇಲ್ಲ ನಂಗೆ,” ಎಂದು ಹೇಳಿ ಬಂದ ದಾರಿಯಲ್ಲೇ ಹೊರಟುಹೋದ.

ಚಿಕ್ಕಬಸಪ್ಪನವರು ವ್ಯಾಪಾರದಲ್ಲಿ ಪಳಗಿದವರು, ತಕ್ಕಡಿಯ ಮುಳ್ಳು ಕೂದಲಷ್ಟು ವಾಲಿದರೂ ಹಿಡಿಯುವವರು. ದೇವರು ಬಂದು ಗಾಣ ತಿರುಗಿಸಿದ ಅನ್ನುವುದನ್ನು ನಿಜವಾಗಿ ನಂಬಿದರೋ ಇಲ್ಲವೋ ನನಗೆ ಈಗಲೂ ಗೊತ್ತಿಲ್ಲ. ಆದರೆ ನಂಬಿದರೆ ಯಾರಿಗೂ ಏನೂ ಹೇಳಬೇಕಾಗಿರಲಿಲ್ಲ, ಹಾಗಾಗಿ ನಂಬಿದರು. ಅವತ್ತಿನಿಂದ ದಿನಕ್ಕೊಂದು ಡಬ್ಬ ಎಣ್ಣೆಯನ್ನು ದೇವರ ಪಾಳಿಯ ಪಾಲು ಅಂತ ಹಟ್ಟಿಯ ಗುಡಿಗೆ ದೀಪಕ್ಕೆ ಕಳಿಸಲು ಏರ್ಪಾಡಾಯಿತು. ಸೋಮವಾರ ಮೊಳಕಾಲ್ಮೂರಿನ ಗಂಡಿನ ಕಡೆಯವರಿಗೆ ಬರಲು ಹೇಳಿಕಳಿಸುವುದು ಅಂತಲೂ ತೀರ್ಮಾನವಾಯಿತು. ತ್ರಿವೇಣಕ್ಕ ಹೊರಗೆ ಹೋಗಿ ಹಿಂಡಿ ಚೀಲಗಳ ಮೇಲೆ ಕೂತಳು. ತಂತಿ ಎಳೆದವಳು ನಾನು, ಅದರಲ್ಲಿ ಸಿಕ್ಕಿಬಿದ್ದವಳು ಅವಳು.

ಆ ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಕೊನೆಯ ಬಸ್ಸಿಗಿಂತ ಒಂದು ಬಸ್ಸು ಮೊದಲೇ ಊರಿಗೆ ಹೋದೆ. ನಮ್ಮವ್ವ ನಾಗರತ್ನ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಸೀರೆಯ ಸೆರಗು ನೇಯುತ್ತಿದ್ದಳು. ನಾನು ಪಕ್ಕದಲ್ಲಿ ಲ್ಯಾಪ್‌ಟಾಪ್ ಬಿಚ್ಚಿ ಕೂತೆ. ಅವ್ವ ಒಮ್ಮೆ ಇಣುಕಿ ನೋಡಿ, ತನ್ನ ಅರೆ ತೆಲುಗಿನಲ್ಲಿ ಕೇಳಿದಳು.

“ಏಮೇ ಇದಿ, ನಿನ್ ಕಂಪ್ಯೂಟರ್‌ನಾಗೂ ಎಳೆ ಎಳ್ಯೋದೇನೇ?”

“ಹೂನವ್ವ. ನಾಲ್ಕು ಎಳೆ ಸೇರ್ಸಿ ಒಂದು ಮಾಡೀನಿ, ಎಲ್ಲೋ ಜಾರೈತೆ.”

“ಊಟ ಮಾಡಿ ನೋಡು, ಸಿಗ್ತೈತೆ,” ಎಂದು ಲಾಳಿ ಎಸೆದಳು. ನಮ್ಮವ್ವನಿಗೆ ಕಂಪ್ಯೂಟರ್ ಬಗ್ಗೆ ಏನೂ ಗೊತ್ತಿಲ್ಲ, ಯಾವ ತೊಂದರೆ ಹೇಳಿದರೂ ಮೊದಲು ಊಟ ಮಾಡು ಅನ್ನುತ್ತಾಳೆ. ಊಟ ಮಾಡಿ ಬಂದು ಮತ್ತೆ ನೋಡಿದೆ. ತಂತಿಗಳೆಲ್ಲ ಸರಿ ಇದ್ದವು. ಬೇಸರದಲ್ಲಿ ಫೈಲು ಮುಚ್ಚುವಾಗ ಅದರ ಹೆಸರಿನ ಪಕ್ಕದಲ್ಲಿ ಕೊನೆಯ ಬಾರಿ ಉಳಿಸಿದ ಹೊತ್ತು ಕಣ್ಣಿಗೆ ಬಿತ್ತು. ಮಧ್ಯಾಹ್ನ ಮೂರೂ ಕಾಲು. ನಾನು ಅದನ್ನು ಉಳಿಸಿದ್ದು ನಾಲ್ಕೂ ಮುಕ್ಕಾಲಿಗೆ, ಮೂರೂ ಕಾಲಿಗೆ ಮಿಲ್ಲಿಗೆ ಹೋಗಿಯೇ ಇರಲಿಲ್ಲ. ಚಳ್ಳಕೆರೆ ಬಸ್‌ಸ್ಟ್ಯಾಂಡಿನ ಎದುರು ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಿದ್ದೆ, ಖಾರಕ್ಕೆ ಎರಡು ಸಲ ನೀರು ಕೇಳಿದ್ದೂ ನೆನಪಿತ್ತು.

ಒಂದು ಎಳೆ ಸಿಕ್ಕಿದ ಮೇಲೆ ಉಳಿದದ್ದೆಲ್ಲ ಬಿಚ್ಚಿಕೊಂಡಿತು. ಕಂಪ್ಯೂಟರಿನ ಗಡಿಯಾರ ಒಂದೂವರೆ ಗಂಟೆ ಹಿಂದಿದೆ, ಇಂಟರ್‌ನೆಟ್ ಇಲ್ಲದ್ದರಿಂದ ತಾನಾಗಿ ಸರಿಹೋಗಿಲ್ಲ, ಹೆಬ್ಬೆಟ್ಟಿನ ಗಡಿಯಾರ ಸರಿಯಾಗಿದೆ. ಎರಡನ್ನೂ ಸೇರಿಸಿ ಉಳಿಸಿದ್ದರಿಂದ ಎಣ್ಣೆಯೆಲ್ಲ ಒಂದೂವರೆ ಗಂಟೆ ಮುಂಚೆಯೇ ಬಿದ್ದ ಹಾಗೆ ಕಾಣುತ್ತಿದೆ. ತ್ರಿವೇಣಕ್ಕ ಆರಕ್ಕೆ ಹಚ್ಚಿದ ಗಾಣ ನಾಲ್ಕೂವರೆಯದಾಗಿ ದೇವರ ಹೆಸರಿಗೆ ಹೋಗಿದೆ. ವಿಶ್ವನಾಥ್ ಊಟ ಮಾಡಿ ಬಂದು ಚೀಲದ ಮೇಲೆ ನಿದ್ದೆ ಹೊಡೆಯುವ ಮೊದಲ ಒಂದೂವರೆ ಗಂಟೆ ಅವಳ ಹೆಸರಿಗೆ ಬಂದಿದೆ. ಒಳ್ಳೆಯದು ದೇವರಿಗೆ, ಕೆಟ್ಟದ್ದು ಅವಳಿಗೆ. ಆ ಮನೆಯಲ್ಲಿ ಇದು ಹೊಸದೇನೂ ಅಲ್ಲ, ಈ ಸಲ ಅದಕ್ಕೊಂದು ಫೈಲು ಇತ್ತು ಅಷ್ಟೆ.

ಮಾರನೆಯ ದಿನ ನೇರ ಮಿಲ್ಲಿಗೆ ಹೋದೆ. ಮನಸ್ಸಿನಲ್ಲೇ ತಪ್ಪಾಯ್ತು ಸ್ವಾಮಿ ಅಂದುಕೊಂಡು ಉಗುರಿನಿಂದ ಸ್ಟಿಕ್ಕರಿನ ಅಂಚು ಎತ್ತಿದೆ. ಗಡಿಯಾರ ಒಂದೂವರೆ ಗಂಟೆ ಹಿಂದೆಯೇ ಇತ್ತು. ವಿಶ್ವನಾಥನನ್ನು ಕೇಳಿದರೆ ನಕ್ಕುಬಿಟ್ಟ.

“ಓ ಅದಾ? ಅವತ್ತು ಅಜ್ಜಿ ಸಮಾಧಾನಕ್ಕೆ ನಾನೇ ತಿರುಗ್ಸಿದ್ದು. ವಾಪಸ್ ತಿರುಗ್ಸೋದು ಮರ್ತೇ ಹೋಯ್ತು. ಯಾಕೆ, ಏನಾಯ್ತು?”

ಏನಾಯಿತು ಅನ್ನುವುದನ್ನು ಅಪ್ಪನ ಮುಂದೆಯೇ ಹೇಳಿದೆ. ಬಸವಲಿಂಗಮ್ಮನವರು ಮನೆಯಲ್ಲಿದ್ದರು, ಆಫೀಸಿನಲ್ಲಿ ನಾವು ನಾಲ್ವರೇ. ಗಡಿಯಾರಕ್ಕೆ ಕೈ ಹಚ್ಚದೆ, ಫೈಲಿನಲ್ಲಿ ಮಾತ್ರ ಸರಿಯಾದ ಟೈಮು ಹಾಕಿ ಮತ್ತೆ ಲೆಕ್ಕ ತೆಗೆದು ತೋರಿಸಿದೆ. ತ್ರಿವೇಣಕ್ಕ ಎಷ್ಟು ಮುಂದಿದ್ದಳು ಅಂದರೆ ಅಣ್ಣನಿಗೂ ಅವಳಿಗೂ ಹೋಲಿಸುವುದೇ ತಮಾಷೆಯಾಗಿತ್ತು. ಚಿಕ್ಕಬಸಪ್ಪನವರ ಮುಖ ಒಂದು ಗಳಿಗೆ ಅರಳಿತು. ನಾನು ನೋಡಿದೆ, ಸುಳ್ಳಲ್ಲ. ಆಮೇಲೆ ಸಂಜೆಯ ಅಂಗಡಿ ಹಾಗೆ ಮುಚ್ಚಿಕೊಂಡಿತು.

“ಅಪ್ಪಾಜಿ, ಅವ್ಳೇ ಗೆದ್ಲು ಬಿಡ್ರಿ. ನಂಗೆ ಮಧ್ಯಾಹ್ನ ನಿದ್ದೆ ತಡೆಯಾಕಾಗಲ್ಲ,” ಎಂದ ವಿಶ್ವನಾಥ್.

“ನೀನು ಬಾಯಿ ಮುಚ್ಚಲೇ,” ಎಂದರು ಅಪ್ಪ. ಸ್ವಲ್ಪ ಹೊತ್ತು ಮೇಜಿನ ಮೇಲಿನ ಬೀಗದ ಕೈ ಗೊಂಚಲನ್ನು ಆ ಕಡೆ ಈ ಕಡೆ ಸರಿಸಿದರು. “ನೋಡಮ್ಮ ತ್ರಿವೇಣಿ, ನಿನ್ ತಲೆಗೆ ಬಂದ ಕೆಟ್ಟ ಹೊತ್ತನ್ನ ವಿಶ್ವನ ಲೆಕ್ಕಕ್ಕೇ ಹಾಕಾನ, ಅದು ನ್ಯಾಯ. ಆದ್ರೆ ನಸುಕಿನ ಹೊತ್ತು ದೇವ್ರ ಹೆಸರಿಗೆ ಹೋಗೈತೆ, ದೀಪಕ್ಕೂ ಹೋಗೈತೆ. ದೇವ್ರಿಗೆ ಕೊಟ್ಟಿದ್ದನ್ನ ವಾಪಸ್ ಕೇಳಾಕಾಗ್ತೈತಾ? ಅವ್ವನಿಗೆ ಗೊತ್ತಾದ್ರೆ ಎದೆ ಒಡ್ಕೊಂತಾಳೆ. ರಾಹುಕಾಲದಾಗೆ ಹಚ್ಚಿದ್ದು ಅಂತ ಬೇರೆ ಹೇಳಬೇಕಾಗ್ತೈತೆ.”

“ದೇವ್ರ ಹೊತ್ತಿನ ಎಣ್ಣೆ ಬಿಟ್ಟು ನೋಡಿದ್ರೂ ಅಕ್ಕನೇ ಮುಂದಿದ್ದಾರೆ ಸಾವ್ಕಾರ್ರೆ,” ಎಂದೆ ನಾನು.

“ಎಷ್ಟು?”

“ಸ್ವಲ್ಪ.”

“ಸ್ವಲ್ಪಕ್ಕೆಲ್ಲ ಗಂಡುಮಗನ್ನ ಬಿಟ್ಟು ಮಿಲ್ಲು ಕೊಡಾಕಾಗ್ತೈತೇನಮ್ಮ? ಜನ ಏನಂತಾರೆ?” ಎಂದರು.

ನನಗೆ ಮೈ ಉರಿದುಹೋಯಿತು. ಅಣ್ಣನನ್ನು ಗೆದ್ದರೆ ಸಾಲದು, ದೇವರನ್ನೂ ಗೆದ್ದು ಬರಬೇಕು ಎಂದು ಇಷ್ಟು ತಣ್ಣಗೆ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಬಾಯಿಗೆ ಬಂದದ್ದನ್ನು ಅಂದೇಬಿಡುತ್ತಿದ್ದೆನೋ ಏನೋ, ತ್ರಿವೇಣಕ್ಕ ನನ್ನ ಭುಜ ಒತ್ತಿದಳು.

“ಆತು ಅಪ್ಪಾಜಿ,” ಎಂದಳು. “ದೇವ್ರ ಹೊತ್ತು ದೇವ್ರಿಗೇ ಇರ್ಲಿ. ನಾಳೆಯಿಂದ ನಾನು ಏಳೂವರೆಗೆ ಗಾಣ ಹಚ್ತೀನಿ. ಅಲ್ಲೀತನಕ ದೇವ್ರೇ ನಡೆಸ್ಲಿ.”

ಚಿಕ್ಕಬಸಪ್ಪನವರಿಗೆ ಅದು ಒಪ್ಪಿಗೆಯ ಹಾಗೆ ಕೇಳಿಸಿರಬೇಕು, ತಲೆಯಾಡಿಸಿದರು. ತ್ರಿವೇಣಕ್ಕ ಅಲ್ಲಿಂದ ನೇರ ಮನೆಗೆ ಹೋಗಿ ಅಜ್ಜಿಯ ಪಕ್ಕ ಕೂತು, “ಅಜ್ಜಿ, ನಾಳೆ ಬೆಳಿಗ್ಗೆ ಆರಕ್ಕೆ ಮಿಲ್ಲಿಗೆ ಬರ್ರಿ. ದೇವ್ರ ಪಾಳಿ ಕಣ್ಣಾರೆ ನೋಡ್ಬಹುದು,” ಎಂದಳು. ನಸುಕಿನ ಪಾಳಿ ಆರಕ್ಕೆ ಹೇಗೆ ಎಂದು ಅಜ್ಜಿ ಕೇಳಿದ್ದಕ್ಕೆ, ಆರಕ್ಕೆ ಕಂಪ್ಯೂಟರಿನ ಮುಂದೆ ಕೂತರೆ ಅದು ಕಾಣುತ್ತದೆ ಎಂದಳು. ಅದೂ ಸುಳ್ಳಲ್ಲ. ಅವತ್ತು ನನ್ನನ್ನು ಊರಿಗೆ ಹೋಗಲು ಬಿಡದೆ ತಮ್ಮ ಮನೆಯಲ್ಲೇ ಉಳಿಸಿಕೊಂಡಳು.

ಬೆಳಿಗ್ಗೆ ಆರಕ್ಕೆ ತ್ರಿವೇಣಕ್ಕ ಬಂದು ತನ್ನ ಹತ್ತಿರವಿದ್ದ ಒಂಟಿ ಬೀಗದ ಕೈಯಿಂದ ಮಿಲ್ಲಿನ ಗೇಟು ತೆಗೆದಳು. ಒಳಗೆ ಮಾತ್ರ ಬರಲಿಲ್ಲ. ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಹೋಗಿ ಕೂತಳು. ಕೆಲಸದವರು ಒಬ್ಬೊಬ್ಬರೇ ಬಂದು ಹೆಬ್ಬೆಟ್ಟು ಒತ್ತಿ ಅಂಗಳದಲ್ಲಿ ಕೂತರು. ಓಬಳೇಶ ಶೇಂಗಾ ಹೊಟ್ಟಿನ ರಾಶಿಯ ಪಕ್ಕ ನಿಂತು, ಬಾಯ್ಲರಿಗೆ ಬೆಂಕಿ ಹಾಕಲೇ ಬೇಡವೇ ಅಂತ ಗೇಟಿನ ಕಡೆ ನೋಡುತ್ತಿದ್ದ. ಯಾರೂ ಏನೂ ಹೇಳಲಿಲ್ಲ, ಅವನೂ ಹಾಕಲಿಲ್ಲ.

ಬಸವಲಿಂಗಮ್ಮನವರು ಮೊಳಕಾಲ್ಮೂರು ರೇಷ್ಮೆ ಸೀರೆ ಉಟ್ಟು, ಕೈಯಲ್ಲಿ ದೀಪ ಹಿಡಿದು ಬಂದು ಕಂಪ್ಯೂಟರಿನ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತರು. ಸುದ್ದಿ ತಿಳಿದು ಚಿಕ್ಕಬಸಪ್ಪನವರು ಮಂಡಿ ಹಿಡಿದುಕೊಂಡು ಓಡಿ ಬಂದರು. ಹಿಂದೆ ನಿದ್ದೆಗಣ್ಣಿನ ವಿಶ್ವನಾಥ್. ಪರದೆಯ ಮೇಲೆ ಬಿಸಿ, ಹೊರೆ, ಎಣ್ಣೆ, ಮೂರು ಗೆರೆಯೂ ನೆಲಕ್ಕೆ ಅಂಟಿದ್ದವು.

ಸ್ವಲ್ಪ ಹೊತ್ತು ನೋಡಿ ಅಜ್ಜಿ, “ಯಾವಾಗ ಶುರುವಾಗ್ತೈತೆ?” ಎಂದರು.

ನಿನ್ನೆ ನಾನು ಎತ್ತಿದ್ದ ಸ್ಟಿಕ್ಕರಿನ ಅಂಚು ಮತ್ತೆ ಸರಿಯಾಗಿ ಅಂಟಿರಲಿಲ್ಲ. ಅಜ್ಜಿ ಬಗ್ಗಿ ಅದರ ಕೆಳಗೆ ನೋಡಿದರು. ಆಮೇಲೆ ಗೋಡೆಯ ಗಡಿಯಾರ ನೋಡಿದರು. ಮತ್ತೆ ಕೆಳಗೆ ನೋಡಿದರು.

“ಇದ್ಯಾಕೆ ನಾಲ್ಕೂವರೆ ಅಂತೈತೆ?”

ಚಿಕ್ಕಬಸಪ್ಪನವರು ಕೆಮ್ಮಿದರು. ವಿಶ್ವನಾಥ್ ಅಜ್ಜಿಯ ಕಾಲ ಹತ್ತಿರ ಕೂತು ಎಲ್ಲವನ್ನೂ ಹೇಳಿಬಿಟ್ಟ. ಅವನಿಗೆ ಸೋಮಾರಿತನ ಬಿಟ್ಟರೆ ಬೇರೆ ದೋಷವಿಲ್ಲ, ಸುಳ್ಳನ್ನು ಹೊತ್ತು ತಿರುಗುವುದಕ್ಕೂ ಆ ಸೋಮಾರಿತನ ಬಿಡುವುದಿಲ್ಲ. ಗಡಿಯಾರ ತಿರುಗಿಸಿದ್ದು, ಮರೆತದ್ದು, ತಂಗಿಯ ಹೊತ್ತು ದೇವರಿಗೆ ಹೋದದ್ದು, ತನ್ನ ನಿದ್ದೆ ತಂಗಿಗೆ ಹೋದದ್ದು. ನಾನು ಅಜ್ಜಿಯ ಮುಖ ನೋಡುತ್ತಿದ್ದೆ.

“ಹಂಗಾರೆ ರಾಹುಕಾಲದಾಗೇ ಹಚ್ಚಿದ್ದು.”

“ಹೂನಜ್ಜಿ.”

“ಒಂದು ತಿಂಗ್ಳು ಇಷ್ಟು ಎಣ್ಣೆ ಬಂತಲ್ಲ, ರಾಹುನೂ ಒಳ್ಳೆಯವನೇ ಬಿಡು,” ಎಂದರು ಬಸವಲಿಂಗಮ್ಮನವರು. ದೀಪವನ್ನು ಮೇಜಿನ ಮೇಲೆ ಇಟ್ಟು ಮಗನ ಕಡೆ ತಿರುಗಿದರು. “ನಿಂಗೆ ಇದು ಮೊದ್ಲೇ ಗೊತ್ತಿತ್ತಾ ಚಿಕ್ಕ?”

“ನಿನ್ನೆ ಗೊತ್ತಾತವ್ವ.”

“ನಿನ್ನೆ ಗೊತ್ತಾಗಿ ಇವತ್ತೂ ದೇವ್ರಿಗೆ ಕಾಯ್ತಾ ಕೂರ್ಸಿದ್ಯಾ ನನ್ನ?” ಎಂದರು. ಕಿಟಕಿಯಿಂದ ಅಂಗಳ, ಗೇಟು, ಅದರಾಚೆ ಟೀ ಅಂಗಡಿ ಎಲ್ಲ ಕಾಣುತ್ತಿತ್ತು. ಅಜ್ಜಿ ಬೆರಳು ಮಾಡಿ ತೋರಿಸಿದರು. “ನಿನ್ ದೇವ್ರು ಅಲ್ಲಿ ಟೀ ಕುಡೀತಾ ಕೂತೈತೆ. ಹೋಗಿ ಕರ್ಕೊಂಡು ಬಾ.”

ಚಿಕ್ಕಬಸಪ್ಪನವರು ಮೇಜಿನ ಮೇಲಿನ ಗೊಂಚಲು ಎತ್ತಿಕೊಂಡರು. ಅಂಗಳದಲ್ಲಿ ಕೂತಿದ್ದ ಕೆಲಸದವರೆಲ್ಲ ಎದ್ದು ನಿಂತರು. ನಾನೂ ಹಿಂದೆಯೇ ಹೋದೆ. ಆ ಮನುಷ್ಯ ಯಾರನ್ನಾದರೂ ಕರೆಯಲು ಗೇಟು ದಾಟಿ ಹೋದದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ಬೇಕಾದವರು ತಾವೇ ಬರುತ್ತಿದ್ದರು, ಇಲ್ಲವೇ ಆಳು ಹೋಗುತ್ತಿದ್ದ. ರಸ್ತೆ ದಾಟುವಾಗ ಪರಶುರಾಂಪುರದ ಬಸ್ಸು ಹಾರ್ನ್ ಹೊಡೆಯಿತು, ಅವರಿಗೆ ಕೇಳಿಸಲಿಲ್ಲ.

ಬೆಂಚಿನ ಮುಂದೆ ನಿಂತು, “ಅವ್ವ ಕರೀತಾಳೆ, ಬಾ,” ಎಂದರು.

ತ್ರಿವೇಣಕ್ಕ ಏಳಲಿಲ್ಲ. “ಅಜ್ಜಿ ಕರೆದ್ರೆ ಮನೆಗೆ ಬರ್ತೀನಪ್ಪಾಜಿ. ಮಿಲ್ಲಿಗೆ ಯಾರು ಕರೀತಾರೆ?”

ಟೀ ಅಂಗಡಿಯವನು ಸ್ಟವ್ ಸಣ್ಣಗೆ ಮಾಡಿದ. ಬೆಂಚಿನ ಮೇಲಿದ್ದ ಇಬ್ಬರು ಹಮಾಲರು ಪೇಪರಿನೊಳಗೆ ಮುಖ ಹುದುಗಿಸಿದರು. ಚಿಕ್ಕಬಸಪ್ಪನವರು ಆ ಕಡೆ ಈ ಕಡೆ ನೋಡಿದರು. ಅವರ ಬದಲು ಹೇಳುವುದಕ್ಕೆ ಅಲ್ಲಿ ಕಂಪ್ಯೂಟರ್ ಇರಲಿಲ್ಲ, ಕ್ಯಾಲೆಂಡರ್ ಇರಲಿಲ್ಲ, ಅವ್ವನೂ ಇರಲಿಲ್ಲ.

“ನಾನು,” ಎಂದರು. ಗೊಂಚಲನ್ನು ಮುಂದೆ ಚಾಚಿದರು. “ನಾನೇ ಕರೀತೀನಮ್ಮ. ನೀನಿಲ್ದೆ ಮಿಲ್ಲು ನಡೆಯಲ್ಲ. ತಗೋ.”

ತ್ರಿವೇಣಕ್ಕನ ಕಣ್ಣು ತುಂಬಿ ಬಂತು. ಗೊಂಚಲನ್ನು ತಗೊಂಡು ಮಡಿಲಲ್ಲಿ ಇಟ್ಟುಕೊಂಡಳು. ಆದರೂ ಎದ್ದೇಳಲಿಲ್ಲ.

“ಟೀ ಮುಗಿಸಿ ಬರ್ತೀನಿ, ನಿಂತಿರ್ರಿ,” ಎಂದಳು.

ಅವಳು ಮೆಲ್ಲಗೆ ಟೀ ಕುಡಿದಳು. ಚಿಕ್ಕಬಸಪ್ಪನವರು ಮಂಡಿ ನೋವಿನಲ್ಲೂ ಕೂರದೆ, ರಸ್ತೆಯಲ್ಲಿ ಹೋಗಿ ಬರುವ ವರ್ತಕರೆಲ್ಲ ನೋಡುತ್ತಿರುವ ಹಾಗೆಯೇ, ಮಗಳ ಲೋಟ ಖಾಲಿಯಾಗುವ ತನಕ ನಿಂತಿದ್ದರು.